‘ಅಪ್ಪನಿಗೆ ಮಾತ್ರ ಹೇಳಬೇಡಿ, ಡಾಕ್ಟರೇ’

ಕ್ಯಾನ್ಸರ್ ರೋಗಿಯ ಫೈಲು ನನ್ನ ಕೊಠಡಿಗೆ ಬರುವುದು ಸಾಮಾನ್ಯವಾಗಿ ರೋಗಿಗಿಂತ ಮೊದಲು. ಹಿರಿಯ ಮಗನೋ ಅಳಿಯನೋ ಅದನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಬರುತ್ತಾನೆ. ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸುತ್ತಾನೆ: “ಅಪ್ಪ ಹೊರಗೆ ಕೂತಿದ್ದಾರೆ. ಅವರಿಗೆ ಅಲ್ಸರ್ ಎಂದಷ್ಟೇ ಹೇಳಿದ್ದೇವೆ. ದಯವಿಟ್ಟು ಆ ಹೆಸರು ಎತ್ತಬೇಡಿ.” ಬಯಾಪ್ಸಿ ವರದಿ ಫೈಲಿನಲ್ಲಿ ಇರುವುದಿಲ್ಲ, ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಆ ಮನೆಯಲ್ಲಿ ಕೀಮೋಗೆ ‘ಶಕ್ತಿಯ ಡ್ರಿಪ್’ ಎಂದು ಹೆಸರು. ಕೂದಲು ಉದುರಿದರೆ ‘ಔಷಧದ ಉಷ್ಣ’.

ಗುಣವಾಗದ ರೋಗಗಳಲ್ಲಿ ನೋವು, ವಾಂತಿ, ಉಸಿರಿನ ಸಂಕಟಗಳನ್ನು ಹತೋಟಿಯಲ್ಲಿಡುವ ಉಪಶಮನ ಆರೈಕೆ ನನ್ನ ಕೆಲಸ. ಇಲ್ಲಿ ‘ಸುಳ್ಳು ಹೇಳಬಹುದೇ’ ಎಂಬುದು ತತ್ವಶಾಸ್ತ್ರದ ತರಗತಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಓಪಿಡಿಯಲ್ಲಿ, ಹೊರಗೆ ಸಾಲು ಬೆಳೆಯುತ್ತಿರುವಾಗ, ಅದಕ್ಕೆ ಆಗಲೇ ಉತ್ತರ ಕೊಡಬೇಕಾಗುತ್ತದೆ. (ಇಲ್ಲಿ ಬರುವ ಸಂದರ್ಭಗಳಲ್ಲಿ ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿ, ಬೆರೆಸಿ ಬರೆದಿದ್ದೇನೆ.)

ಈ ಮಗನನ್ನು ದೂರುವ ಮೊದಲು ನಮ್ಮ ವೃತ್ತಿಯ ಚರಿತ್ರೆಯನ್ನು ನೋಡಿಕೊಳ್ಳುವುದು ಒಳ್ಳೆಯದು. 1961ರಲ್ಲಿ ಶಿಕಾಗೊದ ಒಂದು ಆಸ್ಪತ್ರೆಯ ವೈದ್ಯರನ್ನು ಕೇಳಿದಾಗ ಶೇ 90ರಷ್ಟು ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ತಮ್ಮ ರೂಢಿ ಎಂದಿದ್ದರು. 1979ರ ಹೊತ್ತಿಗೆ ಅಮೆರಿಕದಲ್ಲೇ ಇನ್ನೊಂದು ಸಮೀಕ್ಷೆ ನಡೆಯಿತು. ಆಗ ಶೇ 97 ಮಂದಿ ಹೇಳುವುದೇ ಸರಿ ಎಂದರು. ಇಷ್ಟು ಕಡಿಮೆ ಅವಧಿಯಲ್ಲಿ ಹೀಗೆ ತಿರುವುಮುರುವಾದ ವೈದ್ಯಕೀಯ ರೂಢಿಗಳು ಹೆಚ್ಚಿಲ್ಲ. ಎಲ್ಲ ದೇಶಗಳಲ್ಲೂ ಹೀಗಾಗಲಿಲ್ಲ. ಜಪಾನಿನ ಚಕ್ರವರ್ತಿ ಹಿರೊಹಿಟೊ ಅವರಿಗೆ 1987ರಲ್ಲಿ ಶಸ್ತ್ರಚಿಕಿತ್ಸೆಯಾಯಿತು, 1989ರ ಜನವರಿಯಲ್ಲಿ ಅವರು ತೀರಿಕೊಂಡರು. ತಮಗಿದ್ದದ್ದು ಕರುಳಿನ ಕ್ಯಾನ್ಸರ್ ಎಂದು ಅವರಿಗೆ ಯಾರೂ ಹೇಳಲಿಲ್ಲ. ಲೋಕಕ್ಕೆ ಅಧಿಕೃತವಾಗಿ ತಿಳಿಸಿದ್ದು ಅವರ ಸಾವಿನ ನಂತರ. ಚಕ್ರವರ್ತಿಗೇ ಹೇಳದ ಮೇಲೆ ನಮ್ಮೂರಿನ ನಿವೃತ್ತ ಮೇಷ್ಟ್ರ ಪಾಡೇನು?

ನಮ್ಮಲ್ಲಿ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ, ರೋಗದ ತೀವ್ರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಎನ್ನುತ್ತದೆ. ಅದೇ ಉಸಿರಿನಲ್ಲಿ ರೋಗಿಗೆ, ಅವರ ಬಂಧುಗಳಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ ಹಿತವಾಗುವಷ್ಟು ವಿಷಯ ತಿಳಿದಿರುವಂತೆ ನೋಡಿಕೊಳ್ಳಬೇಕು ಎಂದೂ ಹೇಳುತ್ತದೆ. ಈ ‘ಅಥವಾ’ದ ಸಂದಿಯಲ್ಲಿ ಸಾವಿರಾರು ಮನೆಗಳ ಗುಟ್ಟು ಅಡಗಿದೆ ಎಂಬುದು ನನ್ನ ಅನಿಸಿಕೆ. ಚಿಕಿತ್ಸೆಯ ಒಪ್ಪಿಗೆಯ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ, ಮತ್ತೊಬ್ಬರು ಒಪ್ಪಿಗೆ ಕೊಡಲಾಗದು. ಅಲ್ಸರ್ ಎಂದು ನಂಬಿ ಕೀಮೋಗೆ ಸಹಿ ಹಾಕಿದವರು ಒಪ್ಪಿದ್ದು ಯಾವುದಕ್ಕೆ?

ಹಾಗಾದರೆ ಮಗನ ಎದುರಿಗೇ ಅಪ್ಪನನ್ನು ಕರೆಸಿ ಎಲ್ಲವನ್ನೂ ಹೇಳಿಬಿಡುತ್ತೇನೆಯೇ? ಇಲ್ಲ. ಕೇಳದವರ ತಲೆಯ ಮೇಲೆ ಸತ್ಯ ಸುರಿಯುವುದನ್ನು ಪ್ರಾಮಾಣಿಕತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಮೊದಲು ಮಗನನ್ನು ಕೇಳುತ್ತೇನೆ: “ಹೇಳಿದರೆ ಏನಾಗುತ್ತದೆ ಎಂದು ಭಯ?” ಬಹುಪಾಲು ಬರುವ ಉತ್ತರ, “ಎದೆಯೊಡೆದು ಹೋಗುತ್ತಾರೆ.” ಸ್ವಲ್ಪ ಕಾದರೆ ಇನ್ನೊಂದು ಬರುತ್ತದೆ: “ನಾನು ಹೇಗೆ ಅವರ ಮುಖ ನೋಡಲಿ?” ನಿಜವಾದ ತೊಡಕು ಈ ಎರಡನೆಯದರಲ್ಲಿದೆ. ಅದು ಮಗನ ನೋವು, ಅದಕ್ಕೂ ಆರೈಕೆ ಬೇಕು. ಆದರೆ ಅದರ ಬೆಲೆಯನ್ನು ಅಪ್ಪ ತೆರುವುದು ನ್ಯಾಯವಲ್ಲ. ಕೊನೆಗೆ ಹೀಗೆ ಒಪ್ಪಂದವಾಗುತ್ತದೆ: ನಾನಾಗಿ ಆ ಹೆಸರು ಎತ್ತುವುದಿಲ್ಲ. ಅವರಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ.

ಆಮೇಲೆ ಹಿರಿಯರನ್ನು ಕರೆಸಿ ಅವರೊಬ್ಬರನ್ನೇ ಕೂರಿಸಿಕೊಳ್ಳುತ್ತೇನೆ. ‘ನಿಮಗೆ ಏನಾಗಿದೆ ಎಂದು ನಿಮಗೆ ಅನಿಸುತ್ತದೆ?’ ಎಂಬುದಷ್ಟೇ ನನ್ನ ಪ್ರಶ್ನೆ. ಸಕ್ಕರೆ ಕಾಯಿಲೆಯೂ ಇದ್ದ ರೈತರೊಬ್ಬರು ಕೊಟ್ಟ ಉತ್ತರ ಹೀಗಿತ್ತು: “ಇಷ್ಟು ವರ್ಷ ಹೋಳಿಗೆಯ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಡುತ್ತಿದ್ದ ಸೊಸೆ, ಈ ಯುಗಾದಿಗೆ ತಾನಾಗಿ ಎರಡು ಹೋಳಿಗೆ ಹಾಕಿ ತುಪ್ಪ ಸುರಿದಳು. ಪುಣೆಯ ಮಗಳು ಹಬ್ಬ ಮುಗಿದರೂ ಹೋಗಲಿಲ್ಲ. ನನಗೇನು ತಿಳಿಯುವುದಿಲ್ಲವೇ ಡಾಕ್ಟರೇ? ಆದರೆ ನನಗೆ ಗೊತ್ತು ಎಂದು ಮಗನಿಗೆ ಹೇಳಬೇಡಿ. ಅವನು ಮೆತ್ತಗಿನ ಮನುಷ್ಯ.” ಹೊರಗಿನ ಬೆಂಚಿನಲ್ಲಿ ಮಗ, ಒಳಗೆ ಅಪ್ಪ. ಇಬ್ಬರೂ ನನ್ನಲ್ಲಿ ಬೇಡಿದ್ದು ಒಂದೇ ಸುಳ್ಳನ್ನು.

ಈ ರೈತರಿಗೆ ಮಾಡಬೇಕಾದ ಕೆಲಸಗಳಿದ್ದವು. ಜಮೀನು ಇನ್ನೂ ಅವರ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು, ಪೌತಿ ಖಾತೆ ಆಗಿರಲಿಲ್ಲ. ಯಾವುದೋ ಮದುವೆಯ ಮಾತಿಗೆ ಮುನಿಸಿಕೊಂಡ ತಂಗಿಯ ಜೊತೆ ಮಾತು ಬಿಟ್ಟಿತ್ತು. ತಿರುಪತಿಗೆ ಹೊತ್ತ ಹರಕೆಯೊಂದು ಬಾಕಿ ಇತ್ತು. ‘ಬೇಸಿಗೆ ಕಳೆಯಲಿ, ಹುಷಾರಾದ ಮೇಲೆ ನೋಡೋಣ’ ಎಂದು ಮನೆಯವರು ಎಲ್ಲವನ್ನೂ ಮುಂದಕ್ಕೆ ಹಾಕುತ್ತಿದ್ದರು. ಹುಷಾರಾಗುವ ಬೇಸಿಗೆ ಇರಲಿಲ್ಲ. ಸುಳ್ಳು ಅವರನ್ನು ನೋವಿನಿಂದ ಕಾಪಾಡಿತ್ತೋ ಇಲ್ಲವೋ, ಉಳಿದಿದ್ದ ತಿಂಗಳುಗಳನ್ನು ತಮ್ಮ ಇಷ್ಟದಂತೆ ಖರ್ಚು ಮಾಡುವ ಹಕ್ಕನ್ನಂತೂ ಕಿತ್ತುಕೊಂಡಿತ್ತು. ನಾನು ಸುಳ್ಳನ್ನು ಅಳೆಯುವುದು ಹೀಗೆಯೇ. ಹೇಳಿದವನ ಮನಸ್ಸಿನಲ್ಲಿ ಪ್ರೀತಿ ಎಷ್ಟಿತ್ತು ಎಂಬ ಲೆಕ್ಕ ನನಗೆ ಸಾಲದು. ಕೇಳಿದವರ ಕೈಯಿಂದ ಯಾವ ತೀರ್ಮಾನ ಜಾರಿಹೋಯಿತು ಎಂದು ನೋಡುತ್ತೇನೆ.

ಹಾಗೆಂದು ಎಲ್ಲರಿಗೂ ತಿಳಿಯುವ ಹಂಬಲ ಇರುತ್ತದೆ ಎಂದಲ್ಲ. “ಅದೆಲ್ಲ ಮಗಳಿಗೆ ಹೇಳಿ, ನನಗೆ ನೋವು ಹೋದರೆ ಸಾಕು” ಎನ್ನುವ ಅಜ್ಜಿಯರು ಬೇಕಾದಷ್ಟು ಇದ್ದಾರೆ. ಅದೂ ಅವರದೇ ತೀರ್ಮಾನ, ನಾನು ಅದಕ್ಕೆ ತಲೆಬಾಗುತ್ತೇನೆ. ಮುಂದಿನ ಸ್ಕ್ಯಾನ್ ಬಂದಾಗ ಮತ್ತೊಮ್ಮೆ ಕೇಳುತ್ತೇನೆ, ಏಕೆಂದರೆ ಕೆಲವರು ಆಗ ಮನಸ್ಸು ಬದಲಿಸುತ್ತಾರೆ.

ಓದಿದ ಮಕ್ಕಳು ನನ್ನೊಡನೆ ವಾದಕ್ಕೆ ಇಳಿಯುವುದೂ ಉಂಟು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಅವರ ಬತ್ತಳಿಕೆಯಲ್ಲಿ ಸದಾ ಸಿದ್ಧ. ಸತ್ಯವನ್ನೇ ನುಡಿಯುವ ವ್ರತ ತೊಟ್ಟ ಆ ತಪಸ್ವಿ, ಪ್ರಾಣಭಯದಿಂದ ಕಾಡಿನಲ್ಲಿ ಅಡಗಿದವರ ಜಾಗವನ್ನು ದರೋಡೆಕೋರರಿಗೆ ತೋರಿಸಿಕೊಟ್ಟು, ಅವರು ಹತರಾಗಲು ಕಾರಣನಾಗಿ ನರಕಕ್ಕೆ ಹೋದ. (ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1797ರಲ್ಲಿ, ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದು ಎಂದು ವಾದಿಸಿದ. ಅವನಿಗೆ ಕೌಶಿಕನ ಕಥೆ ಗೊತ್ತಿದ್ದಿದ್ದರೆ ನರಕದ ಭಾಗವನ್ನು ಹೇಗೆ ತಿದ್ದುತ್ತಿದ್ದನೋ.) ಕೌಶಿಕ ಸುಳ್ಳು ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ಪ್ರಶ್ನೆ ಕೇಳಿದವರು ದರೋಡೆಕೋರರು, ಉತ್ತರ ಪಡೆಯುವ ಯಾವ ಹಕ್ಕೂ ಅವರಿಗೆ ಇರಲಿಲ್ಲ. ಬೆಂಚಿನಲ್ಲಿ ಕೂತ ಅಪ್ಪ ಯಾರ ಪ್ರಾಣಕ್ಕೂ ಸಂಚು ಹೂಡಿಲ್ಲ, ತನ್ನ ಹೊಟ್ಟೆಯೊಳಗೆ ಏನಿದೆ ಎಂದು ಕೇಳುತ್ತಿದ್ದಾನೆ.

ನಮಗೆ ಹತ್ತಿರದ ಕಥೆ ದ್ರೋಣನದು. ಮಗ ಅಶ್ವತ್ಥಾಮ ಸತ್ತ ಎಂಬ ಭೀಮನ ಮಾತನ್ನು ಅವನು ನಂಬಲಿಲ್ಲ. ಯುಧಿಷ್ಠಿರನನ್ನೇ ಕೇಳಿದ, ಅವನು ಸುಳ್ಳಾಡುವುದಿಲ್ಲ ಎಂಬ ನಂಬಿಕೆಯಿಂದ. ಉತ್ತರದಲ್ಲಿ ಆನೆಯ ಮಾತೂ ಇತ್ತು, ಕೇಳಿಸದಷ್ಟು ಮೆಲ್ಲಗೆ. ವೈದ್ಯರ ಬಾಯಲ್ಲಿ ಪೂರ್ತಿ ಸುಳ್ಳು ಅಪರೂಪ, ಈ ಆನೆಯ ವರಸೆಯೇ ಹೆಚ್ಚು. “ಸಣ್ಣ ಗಡ್ಡೆ ಇದೆ, ಔಷಧ ಕೊಡುತ್ತೇವೆ.” ಗಡ್ಡೆ ಇರುವುದೂ ನಿಜ, ಔಷಧ ಕೊಡುವುದೂ ನಿಜ. ನಂಬಿ ಕೇಳಿದವರಿಗೆ ಹೀಗೆ ಹೇಳಿ ಮನೆಗೆ ಹೋಗಿ ನಿದ್ದೆ ಮಾಡುವ ಕಲೆ ನಮ್ಮ ವೃತ್ತಿಗೆ ಚೆನ್ನಾಗಿ ಕರಗತವಾಗಿದೆ.

ಇಷ್ಟು ಬಿಗಿಯಾಗಿ ಮಾತಾಡುವ ನಾನು ಒಂದು ಕಡೆ ಮಾತ್ರ ಸುಳ್ಳನ್ನು ಸಲೀಸಾಗಿ ಒಪ್ಪಿಕೊಳ್ಳುತ್ತೇನೆ: ಮುಂದುವರಿದ ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ ಮನೆಗಳಲ್ಲಿ. ಸಂಜೆಯಾಗುತ್ತಿದ್ದಂತೆ ಒಬ್ಬ ತಾಯಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. “ಇವರು ಇನ್ನೂ ಆಫೀಸಿನಿಂದ ಬರಲಿಲ್ಲವಲ್ಲ?” ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ. ಸುಳ್ಳು ಹೇಳಬಾರದು ಎಂದು ಬೆಳೆದ ಮಗಳು ನಿಜ ಹೇಳುತ್ತಾಳೆ. ತಾಯಿಗೆ ಅದು ಹೊಸ ಸುದ್ದಿ, ಆಗಷ್ಟೇ ಬಂದ ಸಾವು. ಗೋಳಾಡುತ್ತಾರೆ, ನನಗೇಕೆ ಯಾರೂ ಹೇಳಲಿಲ್ಲ ಎಂದು ಬೈಯುತ್ತಾರೆ. ಮರುದಿನ ಸಂಜೆ ಸಾವು ಮರೆತಿರುತ್ತದೆ, ಕಾಯುವುದು ಮರೆತಿರುವುದಿಲ್ಲ. ಈ ಸತ್ಯವನ್ನು ಹಿಡಿದುಕೊಂಡು ಆ ತಾಯಿ ಯಾವ ತೀರ್ಮಾನವನ್ನೂ ಮಾಡಲಾರರು.

ಮಗಳಿಗೆ ನಾನು ಹೇಳುವುದು, ಮೊದಲು ಅಪ್ಪನ ಮಾತು ತೆಗೆಯಿರಿ ಎಂದು. “ಅಪ್ಪ ಬಂದ ಕೂಡಲೇ ಏನು ಕೇಳುತ್ತಿದ್ದರಮ್ಮ?” ಎಂದರೆ ತಾಯಿ ಕಾಫಿಯ ಕಥೆ ಶುರು ಮಾಡುತ್ತಾರೆ, ಡಿಕಾಕ್ಷನ್ ಗಟ್ಟಿಯಿಲ್ಲದಿದ್ದರೆ ಎಷ್ಟು ಸಿಡುಕುತ್ತಿದ್ದರು ಎಂಬಲ್ಲಿಗೆ ಬರುವಷ್ಟರಲ್ಲಿ ಅವರ ಮುಖ ಸಡಿಲವಾಗಿರುತ್ತದೆ. ಹಲವು ಸಲ ಇಷ್ಟೇ ಸಾಕು. ಸಾಲದಿದ್ದರೆ, “ಇವತ್ತು ತಡವಾಗುತ್ತದಂತೆ, ನೀನು ಊಟ ಮಾಡಬೇಕಂತೆ.” ಇದು ಸುಳ್ಳೇ, ಬೇರೆ ಅಲಂಕಾರದ ಹೆಸರು ಬೇಡ. ಕಾಯಿಲೆಯ ಆರಂಭದ ಹಂತದಲ್ಲಿ ಇದು ಸಲ್ಲದು. ಆಗ ಅವರಿಗೆ ತಿಳಿಯುತ್ತದೆ, ಮನೆಯವರು ತಮ್ಮನ್ನು ಮಗುವಿನಂತೆ ಆಡಿಸುತ್ತಿದ್ದಾರೆ ಎಂದು ಅವಮಾನವಾಗುತ್ತದೆ. ತಿಳಿ ಬಂದ ಒಂದು ಗಳಿಗೆಯಲ್ಲಿ ಅವರೇ “ಅವರು ಹೋಗಿಬಿಟ್ಟರು, ಅಲ್ಲವೇ?” ಎಂದು ಕೇಳಿದರೆ ಹೌದು ಎನ್ನಬೇಕು, ಕೈ ಹಿಡಿದು ಪಕ್ಕದಲ್ಲಿ ಕೂರಬೇಕು.

ಒಮ್ಮೆ ಈ ಅನುಮತಿ ಸಿಕ್ಕಿತೆಂದರೆ ಅದು ಎಲ್ಲಿಯವರೆಗೂ ಹಬ್ಬುತ್ತದೆ. ‘ಅಪ್ಪ ತಡವಾಗಿ ಬರುತ್ತಾರೆ’ ಎಂದ ಮನೆಯಲ್ಲೇ ಕೆಲವು ತಿಂಗಳ ನಂತರ ‘ಅಮ್ಮ, ಇದು ಪಿಂಚಣಿಯ ಕಾಗದ, ಇಲ್ಲಿ ಹೆಬ್ಬೆಟ್ಟು ಒತ್ತು’ ಎಂಬ ಮಾತೂ ಕೇಳಿಬರಬಹುದು. ಕಾಗದ ದಾನಪತ್ರದ್ದು. ಒತ್ತಿದ ಮೇಲೆ ನನ್ನ ಬಳಿ ಬರುವುದು, ಸಹಿ ಮಾಡುವಾಗ ಇವರ ಮನಸ್ಸು ಸ್ವಸ್ಥವಾಗಿತ್ತು ಎಂಬ ಪ್ರಮಾಣಪತ್ರಕ್ಕಾಗಿ. ಹೇಳಿದ್ದು ಮರೆಯುತ್ತದೆ ಎಂಬ ಕಾರಣಕ್ಕೆ ಒಪ್ಪಿಕೊಂಡ ಸುಳ್ಳು ಅಲ್ಲಿಗೇ ನಿಲ್ಲಬೇಕು. ಆ ಪ್ರಮಾಣಪತ್ರವನ್ನು ನಾನು ಬರೆದುಕೊಡುವುದಿಲ್ಲ, ನ್ಯಾಯಾಲಯದ ಮೂಲಕ ಪಾಲಕರನ್ನು ನೇಮಿಸಿಕೊಳ್ಳಿ ಎಂದು ವಕೀಲರ ಬಳಿ ಕಳುಹಿಸುತ್ತೇನೆ. ಅದು ಸುತ್ತುಬಳಸಿನ ದಾರಿ ಎಂದು ಮಕ್ಕಳು ಮುಖ ಗಂಟಿಕ್ಕುತ್ತಾರೆ. ಒಂದಿಬ್ಬರು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದೂ ಇದೆ.