ಬೋರಿನ ನೀರು, ಬಿಸಿಲ ತಿಂಗಳು ಮತ್ತು ಗಾಜಿನ ತೊಟ್ಟಿಯ ಹಸಿರು

ಕಲಬುರಗಿಯಲ್ಲಿ ಹೊಸ ಅಕ್ವೇರಿಯಂ ಕೂರಿಸಿಕೊಡಿ ಎಂದು ಯಾರಾದರೂ ಕರೆದರೆ, ಅವರ ಮನೆಗೆ ಹೋದ ಮೇಲೆ ನಾನು ಮೊದಲು ಕೇಳುವುದು ಒಂದು ಲೋಟ ನೀರನ್ನು. ಕುಡಿಯಲು ಕೇಳುತ್ತಿದ್ದೇನೆಂದು ತಿಳಿದು ಮನೆಯವರು ಆರ್‌ಒ ಫಿಲ್ಟರಿನ ನೀರನ್ನು ತಂದುಕೊಡುತ್ತಾರೆ. ಅದನ್ನು ಕುಡಿದು ಮುಗಿಸಿ, ಬಚ್ಚಲುಮನೆಯ ನಲ್ಲಿಯಿಂದ ಇನ್ನೊಂದು ಲೋಟ ಹಿಡಿಸಿಕೊಂಡು, ಅದರಲ್ಲಿ, ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆಯೆಂದು ತೋರಿಸುವ ಟಿಡಿಎಸ್ ಮೀಟರನ್ನು ಅದ್ದುತ್ತೇನೆ. ಕೊಳವೆಬಾವಿಯ ನೀರಾದರೆ ಅಂಕಿ 700, 900 ಎಂದು ಏರುತ್ತ ಹೋಗಿ, ಕೆಲವು ಮನೆಗಳಲ್ಲಿ 1200ನ್ನೂ ದಾಟುತ್ತದೆ. “ನಮ್ಮ ಬೋರಿನ ನೀರು ಭಾಳ ತಿಳಿ ಅದರಿ ಸರ್, ಮೀನಿಗೇನ್ ಆಗ್ತದ್ರಿ?” ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ನೀರೇನೋ ತಿಳಿಯಾಗಿಯೇ ಇರುತ್ತದೆ; ಅದರಲ್ಲಿ ಕರಗಿದ ಸುಣ್ಣವನ್ನು ಕಾಣಬೇಕಾದರೆ ಅದೇ ಬಚ್ಚಲಿನ ಗೀಸರಿನ ಕಾಯಿಲನ್ನು ಬಿಚ್ಚಿ ನೋಡಬೇಕು.

ಕರೆದವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವಿರುತ್ತದೆ: ಹಚ್ಚಹಸಿರು ಹುಲ್ಲುಹಾಸು, ಅದರ ಮೇಲೆ ನೀಲಿ ಕೆಂಪು ಗೆರೆಯ ನಿಯಾನ್ ಟೆಟ್ರಾಗಳ ಹಿಂಡು. ನಿಯಾನ್ ಅಮೆಜಾನಿನ ಮೇಲ್ಭಾಗದ ಮೆದು ನೀರಿನ, ಸ್ವಲ್ಪ ತಂಪನ್ನೇ ಬಯಸುವ ಮೀನು. ಸುಣ್ಣ ತುಂಬಿದ, ಮೇ ತಿಂಗಳಲ್ಲಿ 33 ಡಿಗ್ರಿ ಮುಟ್ಟುವ ನಮ್ಮ ತೊಟ್ಟಿಯಲ್ಲಿ ಅದನ್ನು ಬದುಕಿಸಲು ವರ್ಷವಿಡೀ ಹೆಣಗಬೇಕು. ಹೆಣಗಿ ಗೆದ್ದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮೀನಿಗೆ ತಕ್ಕಂತೆ ನೀರನ್ನು ಬದಲಿಸುವುದಕ್ಕಿಂತ ನೀರಿಗೆ ತಕ್ಕ ಮೀನನ್ನೂ ಗಿಡವನ್ನೂ ಆರಿಸಿಕೊಳ್ಳುವುದೇ ಈ ಭಾಗದಲ್ಲಿ ಬಾಳಿಕೆ ಬರುವ ದಾರಿಯೆಂಬುದು ನೂರಾರು ತೊಟ್ಟಿಗಳಿಗೆ ಕೈ ಹಾಕಿದ ಮೇಲೆ ನನಗೆ ಉಳಿದಿರುವ ಅಭಿಪ್ರಾಯ.

ನೀರಿನ ಗುಣ ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲೂ ಒಂದೇ ಅಲ್ಲ. ಕಲಬುರಗಿ ನಗರದ ಕೆಳಗಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಗೆ ಸುಣ್ಣದಕಲ್ಲಿನ ಪದರುಗಳು ಸಿಗುತ್ತವೆ. ಯಾದಗಿರಿ, ಸುರಪುರದ ಸುತ್ತ ಗ್ರಾನೈಟ್ ಗುಡ್ಡಗಳಿವೆ. ಬೀದರ್ ಊರು ಕೂತಿರುವುದು ಜಂಬಿಟ್ಟಿಗೆಯ ದಪ್ಪ ಹಾಸಿನ ಮೇಲೆ. ಬಹಮನಿ ಕಾಲದವರು ನೌಬಾದಿನ ಸುರಂಗಬಾವಿಯನ್ನು ಕೊರೆದದ್ದೂ ಆ ಜಂಬಿಟ್ಟಿಗೆಯಲ್ಲಿಯೇ. ಸುಣ್ಣದಂಶ ತೊಳೆದುಹೋದ ಆ ಕಲ್ಲಿನೊಳಗಿಂದ ಬರುವ ನೀರು ಸಾಮಾನ್ಯವಾಗಿ ಮೆದುವಾಗಿರುತ್ತದೆ. ಆದ್ದರಿಂದ ಬೀದರಿನ ಗೆಳೆಯರು ಸಾಕುವ ಟೆಟ್ರಾಗಳನ್ನು ನೋಡಿ ಕಲಬುರಗಿಯವರು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ನಮ್ಮ ನಲ್ಲಿಗೆ ಬರುವ ಭೀಮಾ ನದಿಯ ನೀರು ಬೋರಿನದಕ್ಕಿಂತ ವಾಸಿ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಅಗಲವಾದ ಡ್ರಮ್ಮಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ 100 ಲೀಟರಿಗೆ 1 ಗ್ರಾಂನಷ್ಟು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳನ್ನು ಕರಗಿಸಿ ಹಾಕಬಹುದು.

ಇಲ್ಲಿ ಶಹಾಬಾದ್ ಕಲ್ಲಿನ ಬಗ್ಗೆ ಎರಡು ಮಾತು ಹೇಳಬೇಕು. ಮನೆ ಕಟ್ಟಿ ಉಳಿದ ಫರಸಿಯ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ತೊಟ್ಟಿಯಲ್ಲಿ ಗುಹೆ ಕಟ್ಟುವುದು ನಮ್ಮವರಿಗೆ ಬಲು ಪ್ರಿಯ. ನೋಡಲು ಚೆಂದವೂ ಹೌದು. ಅದು ಸುಣ್ಣದಕಲ್ಲು, ನೀರು ಕೆಡಿಸುತ್ತದೆ ಎಂದು ಹೆದರಿಸುವವರಿದ್ದಾರೆ. ನಿಜ ಹೇಳಬೇಕೆಂದರೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸಿನ ನಮ್ಮ ಬೋರಿನ ನೀರು ಮೊದಲೇ ಸುಣ್ಣ ಕುಡಿದು ತಣಿದಿರುತ್ತದೆ. ಆ ನೀರಿನಲ್ಲಿ ಈ ಕಲ್ಲು ಕರಗುವುದು ಅತ್ಯಲ್ಪ. ತೊಂದರೆ ಶುರುವಾಗುವುದು ಆರ್‌ಒ ನೀರು ಹಾಕಿದಾಗ, ಇಲ್ಲವೇ ಗಿಡಗಳಿಗೆಂದು ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟಾಗ. ಒಬ್ಬ ವಕೀಲರ ಮನೆಯಲ್ಲಿ ಪ್ರತಿವಾರ ನಾಲ್ಕು ಕ್ಯಾನ್ ಶುದ್ಧ ನೀರು ತರಿಸಿ ಹಾಕಿದರೂ ಗಡಸುತನ ಏರುತ್ತಲೇ ಇತ್ತು. ನೀರು ಮಾರುವವನೇ ಮೋಸ ಮಾಡುತ್ತಿದ್ದಾನೆಂದು ಅವರು ಜಗಳಕ್ಕೂ ಹೋಗಿದ್ದರು. ತೊಟ್ಟಿಯ ಮೂಲೆಯ ಫರಸಿ ಚೂರೊಂದನ್ನು ಎತ್ತಿ ನೋಡಿದರೆ ಅದರ ಚೂಪು ಅಂಚುಗಳೆಲ್ಲ ಬಾಯಲ್ಲಿ ಚೀಪಿದ ಕಲ್ಲುಸಕ್ಕರೆಯಂತೆ ನುಣುಪಾಗಿದ್ದವು. ಅದನ್ನು ತೆಗೆದು ಕರಿಕಲ್ಲು ಹಾಕಿದೆವು. ಬಸಾಲ್ಟ್ ಆಗಲಿ ಗ್ರಾನೈಟ್ ಆಗಲಿ ನೀರಿನ ಗಡಸುತನಕ್ಕೆ ಕೈ ಹಾಕುವುದಿಲ್ಲ.

ಹಾಗೆಂದು ಪೂರ್ತಿ ಆರ್‌ಒ ನೀರಿನಲ್ಲಿ ತೊಟ್ಟಿ ನಡೆಸುವುದನ್ನೂ ನಾನು ಒಪ್ಪುವುದಿಲ್ಲ. ಮೀನು ಹೊರಹಾಕುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಬದಲಿಸುವಾಗ ನೀರಿನ ಕ್ಷಾರವನ್ನು ಖರ್ಚು ಮಾಡುತ್ತವೆ. ಬರಿಯ ಆರ್‌ಒ ನೀರಿನಲ್ಲಿ ಖರ್ಚಿಗೆ ಕ್ಷಾರವೇ ಇಲ್ಲದೆ ಪಿಎಚ್ ಒಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಬೋರಿನ ನೀರಿಗೆ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ ಟಿಡಿಎಸ್ 400ರ ಆಸುಪಾಸಿಗೆ ತಂದರೆ ಸಾಕು.

ಆ ನೀರಿನಲ್ಲಿ ಮೋಲಿ ಮತ್ತು ಗಪ್ಪಿಗಳು ಮೈದುಂಬಿ ಬೆಳೆಯುತ್ತವೆ. ಗಡಸು ನೀರು ಅವುಗಳಿಗೆ ತೌರುಮನೆ. ಮರಿಗಳು ಮಿತಿ ಮೀರಬಾರದೆಂದರೆ ಗಂಡುಗಳನ್ನಷ್ಟೇ ತರಬೇಕು. ನಮ್ಮ ನಾಡಿನದೇ ಆದ ಜೀಬ್ರಾ ಡ್ಯಾನಿಯೊಗಳ ಹತ್ತರ ಹಿಂಡು ನಡುನೀರಿನಲ್ಲಿ ಓಡಾಡಿಕೊಂಡಿದ್ದರೆ ತೊಟ್ಟಿಗೆ ಜೀವ ಬರುತ್ತದೆ. ನನ್ನ ಮೆಚ್ಚಿನದು ಪರ್ಲ್ ಗೌರಾಮಿ. ಗೌರಾಮಿಗೆ ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನು ನುಂಗಿ ಉಸಿರಾಡುವ ಇನ್ನೊಂದು ಅಂಗವಿರುವುದರಿಂದ, ಬೇಸಿಗೆಯಲ್ಲಿ ನೀರಿನ ಆಮ್ಲಜನಕ ಕಡಿಮೆಯಾದಾಗಲೂ ಅದು ಕಂಗೆಡುವುದಿಲ್ಲ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಗೆ ಒಂದು ಜೊತೆ ಗೌರಾಮಿ, ಹತ್ತು ಡ್ಯಾನಿಯೊ, ಎಂಟು ಮೋಲಿ ಅಥವಾ ಗಪ್ಪಿ. ಇದಕ್ಕಿಂತ ಹೆಚ್ಚು ಬೇಡ.

ಅಂಥ ತೊಟ್ಟಿಯಲ್ಲಿ ಅಂಚಿನವರೆಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಮರಳು, ಕಲ್ಲು ಕಳೆದು 160 ಲೀಟರ್ ಎಂದಿಟ್ಟುಕೊಳ್ಳೋಣ. ಗಾಜು, ಸ್ಟ್ಯಾಂಡ್ ಸೇರಿ ಒಟ್ಟು ಭಾರ ಎರಡೂವರೆ ಕ್ವಿಂಟಲಿಗೆ ಕಡಿಮೆಯಿಲ್ಲ. ಹಳೆಯ ಫರಸಿ ನೆಲ ಎಲ್ಲೆಡೆ ಸಮವಾಗಿರುವುದಿಲ್ಲವಾದ್ದರಿಂದ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಸಿಯೇ ಕೂರಿಸಬೇಕು. ಪಡುವಣ ಗೋಡೆಗೆ ಒರಗಿಸಬಾರದು. ಆ ಗೋಡೆ ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಚ್ಚಗಿರುತ್ತದೆ.

ಗಿಡಗಳ ಬೇರಿಗೆ ಮಣ್ಣು ಬೇಕೆಂದು ಹೊಲದ ಎರೆಮಣ್ಣನ್ನು ಹಾಕಿ ನೋಡಿದ ಪ್ರಯೋಗ ನನ್ನದೂ ಇದೆ. ಜೋಳಕ್ಕೂ ತೊಗರಿಗೂ ಅನ್ನ ಕೊಡುವ ಆ ಮಣ್ಣು ತೊಟ್ಟಿಯೊಳಗೆ ಉಬ್ಬಿ, ಮೇಲಿನ ಮರಳನ್ನು ಸೀಳಿಕೊಂಡು ಹೊರಬಂದು, ವಾರಗಟ್ಟಲೆ ನೀರನ್ನು ಕದಡಿಟ್ಟಿತು. ಬೀದರ್ ಕಡೆಯ ಕೆಂಪುಮಣ್ಣು ಉಬ್ಬುವುದಿಲ್ಲ, ಅದರಲ್ಲಿ ಕಬ್ಬಿಣವೂ ಇರುತ್ತದೆ. ಜರಡಿ ಹಿಡಿದು ಒಂದು ಇಂಚು ಹಾಸಿ, ಮೇಲೆ ಎರಡು ಇಂಚು ತೊಳೆದ ಮರಳು ಹಾಕಿದರೆ ಗಿಡಗಳು ಎರಡು ವರ್ಷ ತಕರಾರಿಲ್ಲದೆ ಬೆಳೆಯುತ್ತವೆ. ಹೊಳೆಯ ಮರಳಾದರೆ ಒಂದು ಹಿಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಎದ್ದರೆ ಅದರಲ್ಲಿ ಚಿಪ್ಪಿನ ಚೂರೋ ಸುಣ್ಣದಕಲ್ಲಿನ ಪುಡಿಯೋ ಇದೆ ಎಂದು ತಿಳಿಯಬೇಕು.

ಗಿಡಗಳಲ್ಲಿ ವ್ಯಾಲಿಸ್ನೇರಿಯಾಕ್ಕೆ ಮೊದಲ ಮಣೆ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಹೀರಿಕೊಳ್ಳಬಲ್ಲ ಗಿಡವಿದು. ಹಾಗಾಗಿ ಸಿಲಿಂಡರ್ ಬೇಕಿಲ್ಲ. ಹೀರಿದ ಗುರುತಾಗಿ ಕೆಲವೊಮ್ಮೆ ಎಲೆಯ ಮೇಲೆ ಬಿಳಿಯ ಸುಣ್ಣದ ಪೊರೆ ಕಟ್ಟುತ್ತದೆ, ಅದು ರೋಗವಲ್ಲ. ನಮ್ಮ ಕೆರೆಗಳಲ್ಲೇ ಬೆಳೆಯುವ ಹೈಡ್ರಿಲ್ಲಾವೂ ಹೀಗೆಯೇ, ಆದರೆ ಕೆರೆಯಿಂದ ತಂದದ್ದರಲ್ಲಿ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಬರುತ್ತವೆ. ಗುಲಾಬಿ ಬಣ್ಣದ ಪೊಟ್ಯಾಷಿಯಂ ಪರಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆದೇ ನೆಡಬೇಕು. ಜಾವಾ ಫರ್ನ್, ಅನುಬಿಯಸ್‌ಗಳ ಗೆಡ್ಡೆಯನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ. ಕಲ್ಲಿಗೆ ದಾರದಿಂದ ಕಟ್ಟಬೇಕು. ಕ್ರಿಪ್ಟೊಕೊರೈನ್ ನೆಟ್ಟ ವಾರದಲ್ಲೇ ಎಲೆಗಳೆಲ್ಲ ಕರಗಿದರೆ ಕಿತ್ತೆಸೆಯಬೇಡಿ, ಬೇರು ಬದುಕಿರುತ್ತದೆ, ತಿಂಗಳೊಳಗೆ ಚಿಗುರುತ್ತದೆ. ಅಂಗಡಿಗಳಲ್ಲಿ ನೀರೊಳಗಿಟ್ಟು ಮಾರುವ ಲಕ್ಕಿ ಬ್ಯಾಂಬೂ ಮಾತ್ರ ನೀರಿನ ಗಿಡವೇ ಅಲ್ಲ. ಪೂರ್ತಿ ಮುಳುಗಿಸಿದರೆ ನಿಧಾನವಾಗಿ ಕೊಳೆತು ನೀರನ್ನು ಕೆಡಿಸುತ್ತದೆ. ದೀಪ ದಿನಕ್ಕೆ ಆರೇಳು ಗಂಟೆ ಸಾಕು. ಸಂಜೆ ಅತಿಥಿಗಳು ಬರುತ್ತಾರೆಂದು ಬೆಳಗಿನಿಂದಲೇ ಹಚ್ಚಿಟ್ಟರೆ ಗಾಜಿನ ಮೇಲೆ ಪಾಚಿ ಬೆಳೆಯುತ್ತದೆ.

ಗಿಡ ನೆಟ್ಟು ನೀರು ತುಂಬಿದ ದಿನವೇ ಮೀನು ಬಿಡುವುದು ಎಲ್ಲೆಡೆಯೂ ತಪ್ಪು, ಕಲಬುರಗಿಯಲ್ಲಿ ದುಪ್ಪಟ್ಟು ತಪ್ಪು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ವಿಷವಾಗುವ ರೂಪದ ಪಾಲು ಪಿಎಚ್ 7, 25 ಡಿಗ್ರಿಯ ನೀರಿನಲ್ಲಿ ನೂರಕ್ಕೆ 0.5ರಷ್ಟಿದ್ದರೆ, ಪಿಎಚ್ 8.2, 30 ಡಿಗ್ರಿಯ ನೀರಿನಲ್ಲಿ ನೂರಕ್ಕೆ 11ರಷ್ಟಾಗುತ್ತದೆ. ಬೇರೆ ಊರಿನಲ್ಲಿ ಮೀನು ತಡೆದುಕೊಂಡೀತಾದ ಅಮೋನಿಯಾ ಇಲ್ಲಿ ಅದನ್ನು ರಾತ್ರೋರಾತ್ರಿ ಕೊಲ್ಲುವುದು ಈ ಕಾರಣಕ್ಕೆ. ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದರ, ಬ್ಯಾಕ್ಟೀರಿಯಾ ಮನೆಮಾಡಿದ ಸ್ಪಂಜನ್ನು ಹೊಸ ಫಿಲ್ಟರಿನಲ್ಲಿಟ್ಟು, ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತ, ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಹಳೆಯ ಸ್ಪಂಜ್ ಸಿಗದಿದ್ದರೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ಕೆಲಸಕ್ಕೆ ಮಳೆಗಾಲ ಹಿಡಿದ ಮೇಲಿನ ದಿನಗಳೇ ಒಳ್ಳೆಯವು. ಮಾರ್ಚ್ ನಂತರ ಯಾರೇ ಕರೆದರೂ, ಜೂನ್ ಕಳೆಯಲಿ ಎಂದು ಹೇಳಿ ವ್ಯಾಪಾರ ಕಳೆದುಕೊಂಡದ್ದೂ ಉಂಟು.

ಬೇಸಿಗೆಯ ಪಾಠವನ್ನು ನಾನು ಕಲಿತದ್ದು ದುಬಾರಿ ಬೆಲೆ ತೆತ್ತು. ಈ ವೃತ್ತಿಗೆ ಬಂದ ಎರಡನೆಯ ವರ್ಷ, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಒಂದು ದವಾಖಾನೆಯ ತೊಟ್ಟಿಯ ನೀರು ಬದಲಿಸುತ್ತಿದ್ದೆ. ಕಾಲುಭಾಗ ನೀರು ತೆಗೆದು, ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿಯನ್ನು ತೊಟ್ಟಿಯೊಳಗೆ ಇಳಿಬಿಟ್ಟು, ಬಿಲ್ಲಿನ ವಿಷಯ ಮಾತಾಡುತ್ತ ಪಕ್ಕದಲ್ಲಿ ನಿಂತಿದ್ದೆ. ಛತ್ತಿನ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಬೆಳಗಿನಿಂದ ಕಾದ ನೀರದು. ಮೀನುಗಳು ಮೂಲೆಗೆ ಒತ್ತರಿಸಿಕೊಂಡು ಬಾಯಿ ಬಾಯಿ ಬಿಡುವುದನ್ನು ಕಂಡು ಪೈಪಿಗೆ ಕೈ ಒಡ್ಡಿದರೆ, ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಅಂದು ಸಂಜೆಯೊಳಗೆ ಏಳು ಏಂಜೆಲ್ ಮೀನು ಸತ್ತವು. ಅಂದಿನಿಂದ ಏಪ್ರಿಲ್, ಮೇ ತಿಂಗಳ ನೀರು ಬದಲಾವಣೆಯನ್ನು ಬೆಳಗಿನ ಆರು ಗಂಟೆಗೇ ಇಟ್ಟುಕೊಂಡಿದ್ದೇನೆ. ಅದೂ ಹಿಂದಿನ ರಾತ್ರಿ ಮನೆಯೊಳಗೆ ತುಂಬಿಟ್ಟ ನೀರಿನಿಂದ, ವಾರಕ್ಕೊಮ್ಮೆ ಕಾಲುಭಾಗದ ಬದಲು ಎರಡು ಬಾರಿ ಸ್ವಲ್ಪ ಸ್ವಲ್ಪ.

ತೊಟ್ಟಿಯನ್ನು ತಂಪಾಗಿಡಲು ಐಸ್ ಗಡ್ಡೆ ಹಾಕುವವರಿದ್ದಾರೆ. ಅದು ಒಂದು ಗಳಿಗೆಯ ಸಮಾಧಾನ, ಮತ್ತೆ ಉಷ್ಣಾಂಶ ಜಿಗಿಯುವಾಗ ಮೀನಿಗೆ ಇನ್ನೂ ಕಷ್ಟ. ನಮ್ಮ ಒಣಹವೆಯಲ್ಲಿ ಅದಕ್ಕಿಂತ ಸರಳ ಉಪಾಯವಿದೆ. ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಓರೆಯಾಗಿ ಒಂದು ಚಿಕ್ಕ ಫ್ಯಾನ್ ಇಟ್ಟರೆ, ಮನೆಯ ಕೂಲರ್ ಯಾವ ತತ್ವದಿಂದ ಕೋಣೆಯನ್ನು ತಣಿಸುತ್ತದೆಯೋ ಅದೇ ತತ್ವದಿಂದ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಇದಕ್ಕೊಂದು ಲೆಕ್ಕವಿದೆ. ದಿನಕ್ಕೆ ಎರಡೂವರೆ ಲೀಟರ್ ಆವಿಯಾದರೆ ತಿಂಗಳಿಗೆ 75 ಲೀಟರ್. ಆವಿಯಾಗುವುದು ನೀರು ಮಾತ್ರ, ಅದರ ಲವಣ ಅಲ್ಲಿಯೇ ಉಳಿಯುತ್ತದೆ. ಆ ಕೊರತೆಯನ್ನು 800 ಟಿಡಿಎಸ್ಸಿನ ಬೋರಿನ ನೀರಿನಿಂದ ತುಂಬಿದರೆ ತಿಂಗಳಲ್ಲಿ 60 ಗ್ರಾಂ ಲವಣ ತೊಟ್ಟಿ ಸೇರುತ್ತದೆ. 160 ಲೀಟರ್ ನೀರಿನಲ್ಲಿ ಅದು ಟಿಡಿಎಸ್ಸನ್ನು ಸುಮಾರು 375ರಷ್ಟು ಏರಿಸುತ್ತದೆ. ಜೂನಿನಲ್ಲಿ ಕಾರಣ ತಿಳಿಯದೆ ಮೀನು ಸಾಯುವ ತೊಟ್ಟಿಗಳಲ್ಲಿ ನಾನು ಮೀಟರ್ ಅದ್ದಿದಾಗ ಸಿಕ್ಕ ಕಾರಣ ಬಹುಪಾಲು ಇದೇ. ಆವಿಯಾದ ನೀರನ್ನು ಆರ್‌ಒ ನೀರಿನಿಂದ ಮಾತ್ರ ತುಂಬಬೇಕು. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಬೆರಕೆ ನೀರು ವಾರದ ಬದಲಾವಣೆಗೆ.

ಬಿಸಿನೀರು ಆಮ್ಲಜನಕವನ್ನೂ ಕಡಿಮೆ ಹಿಡಿಯುತ್ತದೆ, ರಾತ್ರಿ ಗಿಡಗಳೂ ಅದನ್ನೇ ಉಸಿರಾಡುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಊಟವನ್ನು ಅರ್ಧಕ್ಕಿಳಿಸಿ, ಏರ್ ಪಂಪನ್ನು ರಾತ್ರಿಯಿಡೀ ನಡೆಸಬೇಕು. ನಾಲ್ಕೈದು ವಾಟ್ ಎಳೆಯುವ ಆ ಪಂಪನ್ನು ಇನ್ವರ್ಟರಿಗೆ ಜೋಡಿಸಿದರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಕರೆಂಟ್ ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ನೆಲ ತೊಯ್ಯುತ್ತದೆ. ತೊಟ್ಟಿಯ ಹೊರಗೆ ಡಬ್ಬಿಯಂತೆ ಕೂರುವ ಕ್ಯಾನಿಸ್ಟರ್ ಫಿಲ್ಟರ್ ಅರ್ಧ ದಿನ ನಿಂತುಹೋಗಿದ್ದರೆ ಹಾಗೆಯೇ ಮತ್ತೆ ಚಾಲೂ ಮಾಡಬಾರದು. ಒಳಗಿನ ನೀರು ಉಸಿರುಗಟ್ಟಿ ನಾರುತ್ತಿರುತ್ತದೆ, ಅದನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಾಡಿ ಹಾಕಬೇಕು. ಚಳಿಗಾಲದ ಬಗ್ಗೆ ಹೇಳುವುದು ಹೆಚ್ಚಿಲ್ಲ: ಬೀದರಿನವರು ಡಿಸೆಂಬರಿನಲ್ಲಿ ಒಂದು ಹೀಟರ್ ಇಟ್ಟುಕೊಳ್ಳಲಿ.

ಪಾಚಿ ತಿನ್ನುತ್ತದೆಂದು ಬೆರಳುದ್ದದ ಸಕ್ಕರ್ ಮೀನನ್ನೂ, ನೋಡಲು ಚೆಂದವೆಂದು ‘ಶಾರ್ಕ್’ ಹೆಸರಿನ ಪಂಗಾಸಿಯಸ್ ಮರಿಯನ್ನೂ ಬಹಳ ಮಂದಿ ತರುತ್ತಾರೆ. ಮೊದಲನೆಯದು ಒಂದಡಿ ದಾಟಿ ಬೆಳೆಯುತ್ತದೆ, ಎರಡನೆಯದು ಮೂರಡಿಯನ್ನೂ. ತೊಟ್ಟಿಯಲ್ಲಿ ಹಿಡಿಸದಾದಾಗ, ಕಲಬುರಗಿ ಊರಿನ ಕೆರೆಯ ಹೆಸರು ಹೇಳಿ, “ಅಪ್ಪನ ಕೆರೆಗೆ ಬಿಟ್ಟು ಬಂದ್ವಿರಿ” ಎಂದು ಪುಣ್ಯದ ಕೆಲಸ ಮಾಡಿದವರಂತೆ ಹೇಳಿದವರನ್ನು ಕಂಡಿದ್ದೇನೆ. ದಕ್ಷಿಣ ಅಮೆರಿಕದ ಆ ಸಕ್ಕರ್ ಮೀನು ನಮ್ಮ ದೇಶದ ಹಲವು ಕೆರೆ ಹೊಳೆಗಳಲ್ಲಿ ಈಗಾಗಲೇ ನೆಲೆಯೂರಿದೆ, ಅದರ ಮುಳ್ಳುಮೈ ಮೀನುಗಾರರ ಬಲೆಯನ್ನು ಹರಿಯುತ್ತದೆ. ಆದ್ದರಿಂದ ತರುವ ಮೊದಲೇ, ಇದು ದೊಡ್ಡದಾದ ಮೇಲೆ ವಾಪಸ್ ತಗೋತೀರಾ ಎಂದು ಅಂಗಡಿಯವರನ್ನು ಕೇಳಿ. ಇಲ್ಲವೆಂದರೆ ಆ ಮೀನನ್ನು ಅಲ್ಲಿಯೇ ಬಿಟ್ಟು, ಗಾಜಿನ ಪಾಚಿಗೆ ಒಂದು ಸ್ಕ್ರಬ್ಬರ್ ಕೊಂಡುತನ್ನಿ.