ತಿರಸ್ಕೃತ ಕ್ಲೇಮನ್ನು ಮತ್ತೆ ತೆರೆಯುವುದು: ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರ

ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯ ಆದೇಶಗಳನ್ನು ಓದಲು ತೊಡಗಿದವರನ್ನು ಮೊದಲು ದಾರಿ ತಪ್ಪಿಸುವುದು ‘ಕ್ಲೇಮನ್ನು ಮತ್ತೆ ತೆರೆಯಲಾಗಿದೆ’ ಎಂಬ ಸಾಲು. ಪರಿಹಾರವೇ ಮಂಜೂರಾಯಿತೆಂದು ನಾವು ಓದಿಕೊಳ್ಳುತ್ತೇವೆ. ಮುಚ್ಚಿದ ಕಡತವನ್ನು ಇನ್ನೊಮ್ಮೆ ನೋಡಲು ಕಾರಣವಿದೆ ಎಂಬುದಷ್ಟೇ ಅದರ ಅರ್ಥ. ಕ್ಲೇಮನ್ನು ತೆರೆದ ಆದೇಶವೇ ಮುಂದೆ ಅದನ್ನು ತಿರಸ್ಕರಿಸಿರುವುದೂ, ಹೊಸ ವೈದ್ಯಕೀಯ ತಪಾಸಣೆಗೆಂದು ಹಿಂದಕ್ಕೆ ಕಳುಹಿಸಿರುವುದೂ ಉಂಟು.

ಒಂದು ಕಲ್ಪಿತ ಪ್ರಕರಣ ನೋಡೋಣ. ಸೇವೆಯಲ್ಲಿದ್ದಾಗ ಟ್ರಕ್ಕಿನಿಂದ ಬಿದ್ದ ಸೈನಿಕನೊಬ್ಬ ಬೆನ್ನುನೋವಿಗೆ ಪರಿಹಾರ ಕೇಳಿದ. 2005ರಲ್ಲಿ ಕ್ಲೇಮು ತಿರಸ್ಕೃತವಾಯಿತು, ಅವನು ಮೇಲ್ಮನವಿ ಹೂಡಲಿಲ್ಲ. ಈಗಿನ ಕಾಯಿಲೆ, ಸೇವೆಯಲ್ಲಿ ನಡೆದ ಘಟನೆ, ಇವೆರಡರ ನಡುವಿನ ನಂಟು ಎಂಬ ಮೂರನ್ನೂ ತೋರಿಸಬೇಕಾದಲ್ಲಿ ಅವನಿಗೆ ಕೊರತೆಯಾದದ್ದು ನಂಟು ಮಾತ್ರ. ಹಾಗಾಗಿ ಬೆನ್ನು ನೋಯುತ್ತಿದೆಯೆಂದು ಹೇಳುವ ಇನ್ನೂ ಹತ್ತು ಚೀಟಿಗಳನ್ನು ತಂದರೂ ಹೆಚ್ಚು ಪ್ರಯೋಜನವಿಲ್ಲ, ಆದರೆ ಆ ಬೀಳುವಿಕೆಯೇ ನೋವಿಗೆ ಕಾರಣವಾಗಿರಬಹುದೆಂದು ವಿವರಿಸುವ ವೈದ್ಯರ ಒಂದೇ ಪತ್ರ ಬಾಗಿಲು ತೆರೆಯಬಲ್ಲದು. ಹಳೆಯ ತಿರಸ್ಕಾರ ಪತ್ರವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಹೊಸ ಪುರಾವೆಯನ್ನು ಅಳೆಯಲಾಗದು ಎನ್ನುವುದು ಇದಕ್ಕೇ.

ಹಳೆಯ ಪದ್ಧತಿಯಲ್ಲಿ ಪುರಾವೆಯು ಹೊಸದೂ ಮಹತ್ವದ್ದೂ ಆಗಿರಬೇಕಿತ್ತು. ಈ ಹೊಸ್ತಿಲು ಎತ್ತರದ್ದಲ್ಲವೆಂದು ಮಾಜಿ ಸೈನಿಕರ ಕ್ಲೇಮುಗಳ ಮೇಲ್ಮನವಿ ನ್ಯಾಯಾಲಯ 2010ರ ಶೇಡ್ ಪ್ರಕರಣದಲ್ಲಿ ಹೇಳಿತು. 1992ರ ಜಸ್ಟಸ್ ಪ್ರಕರಣದ ಪ್ರಕಾರ, ತೆರೆಯಬೇಕೇ ಬೇಡವೇ ಎಂದು ನೋಡುವ ಹಂತದಲ್ಲಿ ಹೊಸ ಪುರಾವೆಯನ್ನು ನಂಬಲರ್ಹವೆಂದೇ ಭಾವಿಸಬೇಕು. ತೂಗಿ ನೋಡುವುದು ಆಮೇಲಿನ ಕೆಲಸ. 2017ರಲ್ಲಿ ಅಂಗೀಕಾರವಾಗಿ 2019ರ ಫೆಬ್ರವರಿ 19ರಿಂದ ಜಾರಿಗೆ ಬಂದ ಸುಧಾರಣಾ ಕಾಯ್ದೆಯು ‘ಮಹತ್ವದ’ ಎಂಬುದರ ಜಾಗದಲ್ಲಿ ‘ಸಂಬಂಧಿತ’ ಎಂಬ ಇನ್ನೂ ಸಡಿಲವಾದ ಅಳತೆಯನ್ನು ತಂದು, ಇಂಥ ಅರ್ಜಿಗೆ ಸಪ್ಲಿಮೆಂಟಲ್ ಕ್ಲೇಮ್ ಎಂದು ಹೆಸರಿಟ್ಟಿತು. ಹಿರಿಯ ಅಧಿಕಾರಿಯ ಮರುಪರಿಶೀಲನೆ ಮತ್ತು ಮಂಡಳಿಗೆ ನೇರ ಮೇಲ್ಮನವಿ ಉಳಿದೆರಡು ದಾರಿಗಳು; ಮರುಪರಿಶೀಲನೆಯಲ್ಲಿ ಹೊಸ ಪುರಾವೆಗೆ ಅವಕಾಶವೇ ಇಲ್ಲ.

ಹಣದ ದೃಷ್ಟಿಯಿಂದ ನಿಜವಾಗಿ ಮುಖ್ಯವಾದದ್ದು ದಿನಾಂಕ. ತಿರಸ್ಕಾರದ ನಂತರ ಒಂದು ವರ್ಷದೊಳಗೆ ಈ ಮೂರರಲ್ಲಿ ಒಂದು ದಾರಿ ಹಿಡಿದು ಕ್ಲೇಮನ್ನು ಜೀವಂತವಾಗಿಟ್ಟರೆ, ಗೆದ್ದಾಗ ಪರಿಹಾರವನ್ನು ಸಾಮಾನ್ಯವಾಗಿ ಮೂಲ ಅರ್ಜಿಯ ದಿನದವರೆಗೂ ಹಿಂದಕ್ಕೆ ಲೆಕ್ಕ ಹಾಕಲಾಗುತ್ತದೆ. ಆದರೆ ಆ ಒಂದು ವರ್ಷವನ್ನು ಕೈಬಿಟ್ಟ ನಮ್ಮ ಬೆನ್ನುನೋವಿನ ಸೈನಿಕ 2021ರಲ್ಲಿ ವೈದ್ಯರ ಪತ್ರ ತಂದು ಗೆದ್ದರೂ, ಲೆಕ್ಕ 2021ಕ್ಕಿಂತ ಹಿಂದೆ ಹೋಗುವುದಿಲ್ಲ. ನಡುವಿನ ವರ್ಷಗಳ ಹಣ ಹೋದದ್ದೇ. ಆದರೆ ಮೊದಲ ತೀರ್ಮಾನದ ಕಾಲದಲ್ಲೇ ಅಸ್ತಿತ್ವದಲ್ಲಿದ್ದೂ ಕಡತ ಸೇರದೆ ಉಳಿದಿದ್ದ ಸೇನಾ ದಾಖಲೆಯೊಂದು ಸಿಕ್ಕಿ, ಗೆಲುವು ಭಾಗಶಃವಾದರೂ ಅದನ್ನೇ ಆಧರಿಸಿದ್ದರೆ, ಹಳೆಯ ಅರ್ಜಿಯ ದಿನಾಂಕವೂ ಮತ್ತೆ ಲೆಕ್ಕಕ್ಕೆ ಬರುತ್ತದೆ.