ಮನೆ ಕೆಳಗೆ ಮೆಟ್ರೋ ಸುರಂಗ ಹೋದರೆ ಬೆಲೆ ಬೀಳುತ್ತಾ?

ಬೆಂಗಳೂರಿನ ಟ್ಯಾನರಿ ರಸ್ತೆ, ಲಕ್ಕಸಂದ್ರ, ವೆಂಕಟೇಶಪುರದ ಕಡೆಯವರು ಇದನ್ನು ಕೇಳುವುದು ನಿಂತೇ ಇಲ್ಲ. ಎಷ್ಟು ಸಲ ಹೇಳಿದರೂ ಅದೇ ಭಯ. ಈ ಸಲ ಬಿಡಿಸಿ ಹೇಳುತ್ತೇನೆ.

ಬೆಲೆ, ಬಾಡಿಗೆ ಏರುವುದು ಸ್ಟೇಷನ್ನಿನಿಂದ, ಸುರಂಗದಿಂದಲ್ಲ. ಈ ಬಡಾವಣೆಗಳ ಅಡಿಯಲ್ಲಿ ಹೋಗುವ ಮೆಟ್ರೋದ ಗುಲಾಬಿ ಮಾರ್ಗದಲ್ಲಿ ನೆಲದಡಿಯ ಭಾಗ 13.76 ಕಿ.ಮೀ., ಸ್ಟೇಷನ್ 12. ನಡೆದು ಹೋಗುವಷ್ಟು ಹತ್ತಿರ ಇದ್ದವರಿಗೆ ಲಾಭ. ಎರಡು ಸ್ಟೇಷನ್ ನಡುವೆ ಸಿಕ್ಕಿಕೊಂಡ ಬೀದಿಗೆ ಅಷ್ಟಿಲ್ಲ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: 'ರೈಲು ಓಡೋಕೆ ಶುರುವಾದರೆ ದಿನಾ ಅದುರಿ ಮನೆ ಬಿರುಕು ಬಿಡುತ್ತೆ.' ಇಲ್ಲ. ಅಪಾಯ ಜಾಸ್ತಿ ಇರುವುದು ಕೊರೆಯುವಾಗ. ಬೆಂಗಳೂರಿನ ನೆಲ ಒಂದು ಕಡೆ ಗಟ್ಟಿ ಬಂಡೆ, ಪಕ್ಕದಲ್ಲೇ ಸಡಿಲ ಮಣ್ಣು, ನಡುವೆ ಮುಚ್ಚಿಹೋದ ಹಳೇ ಬಾವಿ. ಇಂಥಲ್ಲಿ ಸುರಂಗ ಕೊರೆಯುವ ಯಂತ್ರ (ಟಿಬಿಎಂ) ಬೇಕಾದ್ದಕ್ಕಿಂತ ಜಾಸ್ತಿ ಮಣ್ಣು ಎಳೆದುಕೊಂಡರೆ ಮೇಲೆ ನೆಲ ಕುಸಿಯುತ್ತದೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆ ಕುಸಿದದ್ದೂ ಸುರಂಗದ ಕೆಲಸ ನಡೆಯುತ್ತಿದ್ದಾಗಲೇ. ಯಂತ್ರ ಮುಂದೆ ಹೋಗುತ್ತಾ ಹಿಂದೆ ಕಾಂಕ್ರೀಟ್ ಬಳೆ ಜೋಡಿಸುತ್ತದೆ, ಸುತ್ತಲಿನ ಸಂದಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುತ್ತಾರೆ. ಆಮೇಲೆ ನೆಲ ನಿಧಾನವಾಗಿ ಅಲುಗಾಡದೆ ನಿಲ್ಲುತ್ತದೆ. ಹಳಿಯ ಕೆಳಗೆ ಅದುರು ಹೀರುವ ರಬ್ಬರ್ ಪ್ಯಾಡ್ ಇರುತ್ತದೆ. ನಂಬಿಕೆ ಬರದಿದ್ದರೆ ಚಿಕ್ಕಪೇಟೆಗೆ ಹೋಗಿ ನೋಡಿ. ಆ ಹಳೇ ಕಟ್ಟಡಗಳ ಅಡಿಯಲ್ಲಿ 2017ರಿಂದ ರೈಲು ಓಡುತ್ತಿದೆ, ಮೇಲೆ ವ್ಯಾಪಾರ ನಡೆಯುತ್ತಲೇ ಇದೆ.

ನಿಜವಾಗಿ ನಷ್ಟ ಆಗುವುದು ಕಾಮಗಾರಿಯ ವರ್ಷಗಳಲ್ಲಿ. ಕಾಮರಾಜ ರಸ್ತೆ 2019ರಲ್ಲಿ ಮುಚ್ಚಿ ಎಷ್ಟು ವರ್ಷ ಹಾಗೇ ಇತ್ತು, ನೆನಪಿದೆ ಅಲ್ವಾ? ಇನ್ನೊಂದು ವಿಷಯ ಯಾರೂ ಕೇಳುವುದೇ ಇಲ್ಲ. ಮಾರ್ಗದ ಮೇಲೆ, ಪಕ್ಕದಲ್ಲಿ ಹೊಸದಾಗಿ ಕಟ್ಟಲು ಮೆಟ್ರೋ ನಿಗಮದ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ ಬೇಕು. ಬೇಸ್‌ಮೆಂಟ್ ತೋಡುವ ಆಸೆ ಇದ್ದರೆ ಸೈಟು ಕೊಳ್ಳುವ ಮೊದಲೇ ವಿಚಾರಿಸಿ.

ಹಾಗಾದರೆ ವಾಹನಗಳಿಗೆಂದು ಯೋಜಿಸಿರುವ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ? ಅದರ ಲೆಕ್ಕವೇ ಬೇರೆ. ಅಮೆರಿಕದ ಬಾಸ್ಟನ್‌ನಲ್ಲಿ ಹೆದ್ದಾರಿ ನೆಲದಡಿ ಹೋದ ಮೇಲೆ ಅಕ್ಕಪಕ್ಕದ ಆಸ್ತಿಗೆ ಬೆಲೆ ಬಂತು, ನಮಗೂ ಬರುತ್ತದೆ ಎನ್ನುವವರಿದ್ದಾರೆ. ಅಲ್ಲಿ 1959ರಿಂದ ಊರಿನ ನಡುವೆ ನಿಂತಿದ್ದ ಎತ್ತರದ ಹೆದ್ದಾರಿಯನ್ನು ಕೆಡವಿದರು. 2008ರಲ್ಲಿ ಅದೇ ಜಾಗದಲ್ಲಿ ಉದ್ಯಾನ ತೆರೆದರು. ಕಿಟಕಿ ಎದುರಿನ ಗದ್ದಲ ಹೋಗಿ ಮರಗಳು ಬಂದಿದ್ದಕ್ಕೆ ಆ ಬೆಲೆ. ಇಲ್ಲಿ ಮೇಲಿನ ರಸ್ತೆ, ಫ್ಲೈಓವರ್ ಎಲ್ಲ ಹಾಗೇ ಇರುತ್ತವೆ. ರ‍್ಯಾಂಪ್ (ಸುರಂಗಕ್ಕೆ ಇಳಿಯುವ, ಮೇಲೇಳುವ ದಾರಿ) ಪಕ್ಕದವರಿಗೆ ಕಾರುಗಳ ಸಾಲು, ಹೊಗೆ. 'ಸುರಂಗ ರಸ್ತೆಗೆ ಹತ್ತಿರ' ಅಂತ ಯಾರಾದರೂ ಫ್ಲಾಟ್ ತೋರಿಸಿದರೆ, ಅಡ್ವಾನ್ಸ್ ಕೊಡುವ ಮೊದಲು ರ‍್ಯಾಂಪ್ ಎಲ್ಲಿ ಮೇಲೇಳುತ್ತದೆ ಅಂತ ನಕ್ಷೆ ನೋಡಿ.